ಚೀಲದಲ್ಲಿ ತೂಗಿದ ಹಬ್ಬದ ರೊಟ್ಟಿ

ಬೀದಿ ಬಾಗಿಲ ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿ ತಾನು ಕೊಟ್ಟ ರೊಟ್ಟಿ ಕಂಡು ಎಸ್ತ್ರೆಯಾ ಅಲ್ಲೇ ನಿಂತುಬಿಟ್ಟಳು. ಇಸ್ತಾಂಬುಲ್‌ನಲ್ಲಿ ತಿನ್ನೋ ಬ್ರೆಡ್ಡನ್ನು ಯಾರೂ ಕಸಕ್ಕೆ ಎಸೆಯುವುದಿಲ್ಲ, ಪಾಪ ಬರುತ್ತದೆ. ಬೇಡವಾದದ್ದನ್ನು ಹೀಗೆ ಹೊರಗೆ ತೂಗುಬಿಟ್ಟರೆ ಹಕ್ಕಿಗೋ ಬಡವರಿಗೋ ಆಯಿತು. ಕೆಳಗಿನ ಮನೆಯ ನೆರ್ಮಿನ್ ರೊಟ್ಟಿಗೆ ಅಷ್ಟು ಮರ್ಯಾದೆಯನ್ನಂತೂ ಕೊಟ್ಟಿದ್ದಳು. ತಮ್ಮ ಯಹೂದಿಗಳ ಪೆಸಾಹ್ ಹಬ್ಬಕ್ಕೆಂದು ಮೊನ್ನೆ ಕೊಟ್ಟ ಹುಳಿಯಿಲ್ಲದ ರೊಟ್ಟಿ, ಒಂದು ಚೂರೂ ಮುರಿಯದೆ, ಒಣಗಿದ ಬ್ರೆಡ್ಡಿನ ತುಂಡುಗಳ ಮೇಲೆ ಹಾಗೇ ಕೂತಿತ್ತು.

ಇದೇ ನೆರ್ಮಿನ್ ಹಿಂದೆ ಹಬ್ಬಕ್ಕೆ ಎರಡು ದಿನ ಮೊದಲೇ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು, "ಏನೇ ಎಸ್ತ್ರೆಯಾ, ರೊಟ್ಟಿ ಎಲ್ಲೇ? ಎಲ್ಲಾ ಒಬ್ಳೇ ನುಂಗಿಬಿಟ್ಯಾ?" ಬಿಸಿ ಹಾಲಲ್ಲಿ ನೆನೆಸಿ, ಸಕ್ಕರೆ ಉದುರಿಸಿ, ಕಿಟಕಿಯಲ್ಲಿ ಕೂತು ಬೀದಿಗೆಲ್ಲ ಕಾಣುವಂತೆ ತಿನ್ನೋಳು. ಆಗಿನ ಕುಜ್‌ಗುಂಜುಕ್ ಕೇರಿ ಅಂದರೆ ಏನು ಚೆಂದ! ಶುಕ್ರವಾರ ಸಂಜೆ ಎಸ್ತ್ರೆಯಾ ಈರುಳ್ಳಿ ಸೊಪ್ಪಿನ ವಡೆ ಕರಿದರೆ ಇಳಿಜಾರಿನ ಉದ್ದಕ್ಕೂ ಘಮ ಇಳಿದುಹೋಗುತ್ತಿತ್ತು. ರಂಜಾನಿನಲ್ಲಿ ಕೆಳಗಿನಿಂದ ತಟ್ಟೆ ಮೇಲೆ ಬರುತ್ತಿತ್ತು. ಹಬ್ಬ ಯಾರದಾದರೇನು, ಬಾಯಿ ಎಲ್ಲರದೂ ಸಿಹಿ.

ಇನ್ನೂ ಒಂದಿತ್ತು. ಎಸ್ತ್ರೆಯಾಳ ಒಂದೇ ಒಂದು ಕೂಸು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಯಿತು. ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರದಲ್ಲಿ ಬಿದ್ದಿದ್ದಳು. ಅದೇ ಹೊತ್ತಿಗೆ ಕೆಳಗೆ ನೆರ್ಮಿನ್‌ಗೆ ಹಾಲಿಲ್ಲ, ಮಗ ಎರೋಲ್ ಹಸಿದು ಹಸಿದು ಅಳುವ ಶಕ್ತಿಯನ್ನೂ ಕಳಕೊಂಡಿದ್ದ. ನೆರ್ಮಿನ್ ಮೆಟ್ಟಿಲು ಹತ್ತಿ ಬಂದಳು, ಮಗುವನ್ನು ಇವಳ ಮಡಿಲಿಗೆ ಹಾಕಿ ಗೋಡೆಯ ಕಡೆ ತಿರುಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇವನು ನಿನಗೆ ಹಾಲುಮಗ ಕಣೇ. ನಮ್ಮಲ್ಲಿ ಹಾಲಿನ ತಾಯಿ ಅಂದ್ರೆ ತಾಯೀನೇ" ಅಂದಳು. ಎರೋಲ್ ಹೆಜ್ಜೆ ಹಾಕುವ ತನಕ ಇವಳ ಹಾಲೇ ಕುಡಿದ. ಆ ಮಗು ತನ್ನ ಜೀವ ಉಳಿಸಿತು ಎಂದೇ ಎಸ್ತ್ರೆಯಾ ಈಗಲೂ ನಂಬಿದ್ದಾಳೆ.

ಗಂಡ ಹೋದಮೇಲೆ ತಮ್ಮ ನೆಸಿಮ್ ಎಷ್ಟು ಸಲ ಕರೆದ! ಊರಿನ ಆಚೆ ದಡದ ಶಿಶ್ಲಿಯಲ್ಲಿ ನಮ್ಮವರೇ ತುಂಬಿದ್ದಾರೆ, ನನ್ನ ಮೇಲಿನ ಮಹಡಿ ಖಾಲಿ ಇದೆ, ಬಾ ಅಕ್ಕಾ ಅಂತ. "ನೆರ್ಮಿನ್ ಇರೋ ತನಕ ನಾನು ಈ ಮನೆ ಬಿಟ್ಟು ಕದಲೋಳಲ್ಲ" ಎಂಬುದೇ ಇವಳ ಉತ್ತರ.

ಹೋದ ವಾರ ಕೆಳಗಿನ ಟೀವಿಯ ಸದ್ದು ನೆಲ ತೂರಿಕೊಂಡು ಮೇಲೆ ಬಂದಿತ್ತು. ಚರ್ಚೆಯಂತೆ, ಮಣ್ಣಂಗಟ್ಟಿ! ಯಾವನೋ ಟೈ ಕಟ್ಟಿದವನು ಸೂಜಿ ಪೀಪಾಯಿಯ ಹಳೇ ಕಥೆ ಎತ್ತಿದ್ದ. ಯಹೂದಿಗಳು ಮಕ್ಕಳನ್ನು ಸೂಜಿ ಚುಚ್ಚಿದ ಪೀಪಾಯಿಗೆ ಹಾಕಿ ಉರುಳಿಸಿ, ಆ ರಕ್ತದಲ್ಲಿ ಹಬ್ಬದ ರೊಟ್ಟಿಯ ಹಿಟ್ಟು ಕಲಸುತ್ತಾರಂತೆ. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಪಕ್ಕದವನು ತಲೆಯಾಡಿಸಿದ. ಎಲುಬಿಲ್ಲದ ನಾಲಿಗೆ, ಹೇಗೂ ಹೊರಳುತ್ತದೆ. ಮರುದಿನ ಪೇಪರಿನಲ್ಲೂ ಅದೇ ಬಂತು. ಎಸ್ತ್ರೆಯಾಗೆ ಅದು ಹೊಸದಲ್ಲ. ಕೆಳಗೆ ಯಾರೂ ಟೀವಿ ಆರಿಸಲಿಲ್ಲವಲ್ಲ, ಅದೊಂದೇ ಚುಚ್ಚಿತ್ತು.

ಈಗ ಅವಳು ಚೀಲದಿಂದ ರೊಟ್ಟಿ ತೆಗೆದುಕೊಂಡು ನೆರ್ಮಿನ್‌ಳ ಬಾಗಿಲು ತಟ್ಟಿದಳು.

"ಏನೇ ಇದು?"

ನೆರ್ಮಿನ್ ಮುಖ ಕಪ್ಪಿಟ್ಟಿತು. "ಅಯ್ಯೋ, ನಾನು ನಂಬ್ತೀನೇನೇ ಅದನ್ನೆಲ್ಲ? ಸೊಸೆ ಬಂದಿದ್ದಾಳೆ. ಮಗು ಇರೋ ಮನೇಲಿ ಬೇಡ ಅಂದ್ಳು. ಈಗಿನ ಹುಡುಗೀರು ಗೊತ್ತಲ್ಲ..."

"ವರ್ಷಾ ವರ್ಷಾ ಕಸ್ಕೊಂಡು ತಿಂದೋಳು ನೀನು. ಹೇಳಿದ್ಯಾ ಅವಳಿಗೆ?"

ಅಷ್ಟರಲ್ಲಿ ಸೊಸೆ ಗುಲ್ಚಿನ್ ಹೊರಗೆ ಬಂದಳು. ಅವಳ ಲಂಗ ಹಿಡಿದು ಹಿಂದೆ ಅಂಟಿಕೊಂಡಿದ್ದ ಪುಟ್ಟ ಮಗಳು ದೆಫ್ನೆ ಇಣುಕಿ, "ಅಜ್ಜೀ, ಸೂಜಿ ಪೀಪಾಯಿ ಇರೋದು ಇವರ ಮನೇಲೇನಾ?" ಎಂದಳು.

"ಸುಮ್ನಿರೇ" ಎಂದಳು ನೆರ್ಮಿನ್. ಅಷ್ಟೇ ಅಂದಳು.

ಎಸ್ತ್ರೆಯಾ ಮಂಡಿಯೂರಿ ಮಗುವಿನ ಮಟ್ಟಕ್ಕೆ ಕೂತಳು. ಎರೋಲ್‌ನದೇ ಹುಬ್ಬು, ಎರೋಲ್‌ನದೇ ಕಿವಿ. "ನಮ್ಮನೇಲಿ ಏನಿತ್ತು ಅಂತ ನಿಮ್ಮಪ್ಪನ್ನ ಕೇಳು ಬಂಗಾರಾ. ಅವನು ಕುಡಿದು ಬೆಳೆದದ್ದು ಅಲ್ಲೇ."

"ಏನು ಕುಡಿದ್ರು?" ಗುಲ್ಚಿನ್ ಗಾಬರಿಯಿಂದ ಅತ್ತೆಯ ಮುಖ ನೋಡಿದಳು.

ಎಸ್ತ್ರೆಯಾ ಕೂಡ ನೋಡಿದಳು. ಹೇಳು ತಾಯಿ, ಒಂದೇ ಒಂದು ಮಾತು ಹೇಳು ಎಂದು ಅವಳ ಜೀವವೆಲ್ಲ ಬೇಡುತ್ತಿತ್ತು. ನೆರ್ಮಿನ್ ಒಮ್ಮೆ ಸೊಸೆಯನ್ನು ನೋಡಿದಳು, ಒಮ್ಮೆ ಮೊಮ್ಮಗಳನ್ನು.

"ಡಬ್ಬದ ಹಾಲು ಕಣಮ್ಮ" ಎಂದಳು. "ಆಗ ಅಂಗಡೀಲಿ ಸಿಗ್ತಿರಲಿಲ್ಲ. ಪಾಪ, ಇವಳೇ ಎಲ್ಲಿಂದಲೋ ತಂದ್ಕೊಡ್ತಿದ್ಳು."

ಎಸ್ತ್ರೆಯಾ ಮೆಟ್ಟಿಲ ಕಂಬಿ ಹಿಡಿದು ಎದ್ದಳು. "ಸಂಜೆ ಕಾಫಿಗೆ ಬರ್ತೀಯಲ್ಲ?" ಎಂದು ನೆರ್ಮಿನ್ ಹಿಂದಿನಿಂದ ಕೇಳಿದ್ದಕ್ಕೆ "ಹೂಂ" ಅಂದಳು. ಮೇಲೆ ಬಂದವಳೇ ತಮ್ಮನಿಗೆ ಫೋನು ಹಚ್ಚಿ, ಮಹಡಿ ಇನ್ನೂ ಖಾಲಿ ಇದೆಯಾ ಎಂದು ವಿಚಾರಿಸಿದಳು.

"ಟೀವಿ ನೋಡಿ ಹೆದರಿಬಿಟ್ಯಾ ಅಕ್ಕಾ?"

"ಟೀವಿಗ್ಯಾರೋ ಹೆದರ್ತಾರೆ!" ಎಂದಳು. ಕೈಯಲ್ಲೇ ಇದ್ದ ಹಬ್ಬದ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. "ಎರೋಲ್ ಕುಡಿದದ್ದು ಡಬ್ಬದ ಹಾಲಂತೆ ಕಣೋ ನೆಸಿಮ್."