ಗಂಜಿ ಹಾಕದ ಕಂಬಳಿ

ಟಣ್. ಒಂದು ಗಳಿಗೆ ಸುಮ್ಮನೆ. ಮತ್ತೆ ಟಣ್ — ಶಾಲೆಯ ಕಬ್ಬಿಣದ ಕಂಬಕ್ಕೆ ಝೇಂಡಾದ ಹಗ್ಗ ಬಡಿಯುತ್ತಿದೆ, ಶ್ರಾವಣ ಹತ್ತಿದ ಮೊದಲ ರವಿವಾರ, ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ, ತುಂಬಿದ ಕೃಷ್ಣೆಯ ಹೊಸ ನೀರಿನ ವಾಸನೆ ಹೊತ್ತ ಗಾಳಿ ಜುಗೂಳದ ಓಣಿಯನ್ನೆಲ್ಲ ತಿರುಗಿ ಬಂದು ಜಕ್ಕಪ್ಪನ ಕಟ್ಟೆಯ ಮೇಲೆ ಅವನ ಮಗ್ಗುಲಿಗೇ ಕೂತುಬಿಡುತ್ತದೆ, ಕರೆಯದೆ ಬಂದ ಬೀಗನ ಹಾಗೆ. ಮುದುಕನ ಕಣ್ಣು ಮುಚ್ಚಿವೆ, ನಿದ್ದೆ ಅಲ್ಲ, ನಿದ್ದೆಯ ಹೊಸ್ತಿಲು, ಅಂಗೈಯಲ್ಲಿ ಮಾತ್ರ ಆ ಹಗ್ಗ ಇನ್ನೂ ಇದೆ, ನುಣ್ಣಗೆ, ಜಾರುವಂಥದ್ದು, ವರ್ಷಾ ವರ್ಷಾ ಆಗಸ್ಟ್ ಹದಿನೈದಕ್ಕೆ ಅವನ ಕೈಯಿಂದಲೇ ಜಗ್ಗಿಸುತ್ತಾರೆ, ಮಗನನ್ನು ದೇಶಕ್ಕೆ ಕೊಟ್ಟಾಂವ ಅಂತ, ಮತ್ತು ವರ್ಷಾ ಕಾಗವಾಡದ ರಾವಸಾಹೇಬ, ಕಬ್ಬು ದ್ರಾಕ್ಷಿಯ ಸಾವಕಾರ, ಒಂದೇ ಮಾತು ಆಡುತ್ತಾನೆ, ಜಕ್ಕಪ್ಪಾ, ಸಾವಕಾಶ ಜಗ್ಗಲೇ, ಅದು ಟಗರಲ್ಲ, ಹರದೀತು, ಮತ್ತು ಮಂದಿ ನಗುತ್ತಾರೆ, ಅವನೂ ನಗುತ್ತಾನೆ, ಮೇಲೆ ಗಂಟು ಬಿಚ್ಚಿ ಚೆಂಡುಹೂವಿನ ಪಕಳೆ ಉದುರುತ್ತವೆ, ಬೋಳು ತಲೆಗೆ ತಣ್ಣಗೆ. ಈ ವರ್ಷ, ಇವತ್ತು ಮುಂಜಾನೆ, ಮಂದಿ ಜಾಸ್ತಿ. ಕಾರ್ಗಿಲ್ ಆಗಿ ಇನ್ನೂ ತಿಂಗಳಿಲ್ಲ, ಟೀವಿಯಲ್ಲಿ ಎಲ್ಲರೂ ಝೇಂಡಾ ಸುತ್ತಿದ ಪೆಟ್ಟಿಗೆಗಳನ್ನು ನೋಡಿದ್ದಾರೆ, ರಾವಸಾಹೇಬನ ಭಾಷಣವೂ ಉದ್ದ, ಮನಿಗೊಬ್ಬ ಜವಾನ ಹೋಗಬೇಕ್ರಿ, ಮನಿಗೊಬ್ಬ, ಅಂದ, ಆಗ ಹೆಂಗಸರ ಕಡೆಯಿಂದ ಸೆರಗು ಎಳೆದುಕೊಂಡೇ ಒಂದು ದನಿ ಎದ್ದಿತು, ಸಾವಕಾರ್ರ, ಮನಿಗೊಬ್ಬ ಅಂದ್ರಿ, ನಿಮ್ಮದು ಮನಿ ಅಲ್ಲೇನ್ರಿ, ನಿಮ್ಮದು ವಾಡೆ ಅಂತ ಬಿಟ್ಟೀರೇನು. ಸೊಸೆ ರಾಮವ್ವನ ದನಿ. ಮಂದಿ ನಕ್ಕರು, ಆಮೇಲೆ ನಗಬಾರದಿತ್ತು ಅಂತ ಸುಮ್ಮನಾದರು, ಯಾಕೆಂದರೆ ಅವಳ ಗಂಡನ ಹೆಸರು ಕಂಬದ ಬುಡದ ಕಲ್ಲಿನ ಮೇಲಿದೆ, ಅವಳ ಒಬ್ಬನೇ ಮಗ ಭರಮು ನಾಳೆ ಹೊರಡುವವ, ಬೆಳಗಾವಿಗೆ, ಅಪ್ಪ ಹೋದ ಅದೇ ಪಲ್ಟಣಕ್ಕೆ.

ಹೊರಡುವವ, ಮುದುಕ ಕಂಬಳಿ ಹಾಕಿದರೆ. ಅದು ಅವರ ಮನೆತನದ ರೂಢಿ, ಕುರಿ ಹೊಡಕೊಂಡು ಮೂಡಣ ಸೀಮೆಗೆ ಹೋಗುವವನಿಗೆ, ಹೋಗಿ ಎಂಟು ತಿಂಗಳು ಹೊಲಹೊಲದಲ್ಲಿ ಮಲಗುವವನಿಗೆ, ಮನೆಯ ಹಿರಿಯ ಹೊಸ ಕಂಬಳಿ ಹೆಗಲಿಗೆ ಹಾಕಿ ಹಣೆಗೆ ಬೀರದೇವರ ಭಂಡಾರ ಹಚ್ಚಬೇಕು, ಹಾಕಲಿಲ್ಲವೋ ಅವ ಹೊಸ್ತಿಲು ದಾಟುವುದಿಲ್ಲ, ಕುರಿಯೂ ದಾಟುವುದಿಲ್ಲ ಅಂತಿದ್ದ ಜಕ್ಕಪ್ಪನ ಅಪ್ಪ. ಭರಮುನೂ ಅದನ್ನೇ ಹಿಡಿದಿದ್ದಾನೆ, ಮುತ್ಯಾ, ನೀ ಹಾಕಿದ್ರ ಹೊಕ್ಕೀನಿ, ಒಲ್ಲೆ ಅಂದ್ರ ಇಲ್ಲೇ ಕುರಿ ಕಾಯ್ತೀನಿ, ಖರೆ ಬಾಯಿ ಬಿಟ್ಟು ಹೇಳು. ರಾಮವ್ವನೂ ಅದನ್ನೇ ಹಿಡಿದಿದ್ದಾಳೆ, ಮಾವಾ, ನಾ ಅವನ ಕಾಲಿಗೆ ಬಿದ್ರೂ ಕೇಳೂದಿಲ್ಲ, ನೀವು ಕಂಬಳಿ ಹಾಕಬ್ಯಾಡ್ರಿ, ಅಷ್ಟ ಸಾಕು. ಕಂಬಳಿ ನೇಯ್ದಾಗಿದೆ, ಮಗ್ಗದಿಂದ ಇಳಿದಿದೆ, ಗಂಜಿ ಒಂದು ಬಾಕಿ. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕುದಿಸಿದ ಗಂಜಿ ಕಂಬಳಿಗೆ ಸವರಿ ಕುಂಚದಿಂದ ತೀಡಿ ಬಿಸಿಲಿಗೆ ಹಾಕಬೇಕು, ಆಗ ಅದು ಬಿರುಸಾಗುತ್ತದೆ, ಮಳೆ ಒಳಗಿಳಿಯುವುದಿಲ್ಲ, ಗಂಜಿ ಹಾಕದ್ದು ಕಂಬಳಿ ಅಲ್ಲ, ಅದು ಇನ್ನೂ ಉಣ್ಣೆ. ಗಂಜಿಯೂ ಕುದ್ದಿದೆ, ನಿನ್ನೆಯೇ, ಹಿತ್ತಲ ಬೇವಿನ ಬುಡದಲ್ಲಿ ಗಡಿಗೆಯೊಳಗೆ ಕೆನೆ ಕಟ್ಟುತ್ತಿದೆ, ಮತ್ತು ಮುದುಕ ಕಟ್ಟೆ ಬಿಟ್ಟು ಏಳುತ್ತಿಲ್ಲ, ಇನ್ನೊಂದು ಗಳಿಗೆ, ಗಾಳಿ ನಿಲ್ಲಲಿ, ಬಿಸಿಲು ಬಲಿಯಲಿ, ಇನ್ನೊಂದು ಗಳಿಗೆ, ಗಂಜಿ ಸವರುವತನಕ ಅದು ಕಂಬಳಿ ಅಲ್ಲ, ಕಂಬಳಿ ಆಗುವತನಕ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಟಣ್ — ಹಗ್ಗವೋ, ಕುದುರೆಯ ಕಡಿವಾಣವೋ. ಮಳೆ ಜಡಿಯುತ್ತಿದೆ, ಚಾವಡಿಯ ಮುಂದೆ ಮಾಮಲೇದಾರನ ಕುದುರೆ ಮೈ ನಡುಗಿಸುತ್ತ ನಿಂತಿದೆ, ಆಗಿನ ಕಾಲದ ಮಾಮಲೇದಾರ, ತಾಲೂಕಿನ ಸಾಹೇಬ, ಜಕ್ಕಪ್ಪ ಇನ್ನೂ ಸಣ್ಣವ, ಮುಖ ನೆನಪಿಲ್ಲ, ಬೂಟು ನೆನಪಿವೆ, ಏ ಕುರುಬ್ಯಾ, ಕಂಬಳಿ ಬಿಚ್ಚು, ಕುದರಿಗೆ ಥಂಡಿ ಆಗೇತಿ ಕಾಣವಲ್ದ? ಅಪ್ಪ ಬಿಚ್ಚಿದ. ಅಪ್ಪನೇ ಕುದುರೆಯ ಬೆನ್ನಿಗೆ ಹಾಸಿದ, ನಾಲ್ಕೂ ಕಡೆ ಎಳೆದು ಸರಿಮಾಡಿದ, ಹೊಸ ಅಳಿಯನಿಗೆ ಹೊದಿಸಿದ ಹಾಗೆ, ಆಮೇಲೆ ಬರಿಮೈಯಲ್ಲಿ ಲಗಾಮು ಹಿಡಿದು ಚಾವಡಿಯ ಹೊರಗೆ ನಿಂತ, ಒಳಗೆ ಸಾಹೇಬರ ಊಟ, ಕೋಳಿಯ ವಾಸನೆ, ಹೊರಗೆ ಕುದುರೆಯ ಬೆನ್ನಿನಿಂದ ಆವಿ ಏಳುತ್ತಿತ್ತು, ಅಪ್ಪನ ಬೆನ್ನಿನಿಂದ ನೀರು ಇಳಿಯುತ್ತಿತ್ತು. ಕಂಬಳಿ ಕುದುರೆಯ ಸಂಗಡ ಹೋಯಿತು. ಮರುವರ್ಷದ್ದೂ ಹೋಯಿತು. ಬಿಟ್ಟಿ ಅಂತಿದ್ದರು ಅದಕ್ಕೆ, ಕೇಳುವ ಹಾಗಿಲ್ಲ, ಅತ್ತರೆ ಇನ್ನೊಂದು ಕೊಡಬೇಕಾದೀತು. ಆಮೇಲೆ ಒಂದು ದಿನ ಊರಿಗೆ ಊರೇ ಸಕ್ಕರೆ ಹಂಚಿತು, ಸ್ವರಾಜ್ಯ ಬಂತು, ಸ್ವರಾಜ್ಯ ಬಂತು, ಅಪ್ಪ ಸಕ್ಕರೆ ಬಾಯಿಗೆ ಹಾಕಿಕೊಂಡು ಮಾಸ್ತರನ್ನು ಕೇಳಿದ, ಮಾಸ್ತರ್ರ, ಇನ್ನ ಮ್ಯಾಲ ಕುದರಿ ಬಂದ್ರ? ಮಾಸ್ತರ ಅಂದ, ಕುದರಿ ಬಂದ್ರ ಬರ್ಲಿ, ಕಂಬಳಿ ಕೊಡೂದು ಬ್ಯಾಡ. ಅಷ್ಟೇ? ಅಷ್ಟ. ಅಪ್ಪ ಮನೆಗೆ ಬಂದು, ಸುಡುವ ಬಿಸಿಲಿನಲ್ಲಿ, ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು ಚಾವಡಿಯ ಮುಂದೆ ಸುಮ್ಮನೆ ತಿರುಗಾಡಿದ, ಹೋಗುತ್ತ ಬರುತ್ತ, ಮೈಯೆಲ್ಲ ಬೆವರು, ಅವ್ವ ಅಂದಳು ತಗೀರಿ ಅದನ್ನ ಹುಚ್ಚಪ್ಪನಂಗ, ಅಪ್ಪ ತೆಗೆಯಲಿಲ್ಲ, ಸಂಜೆತನಕ ತೆಗೆಯಲಿಲ್ಲ. ರಾವಸಾಹೇಬ ಎಷ್ಟು ಉದ್ದ ಭಾಷಣ ಮಾಡಿದರೂ ಜಕ್ಕಪ್ಪನಿಗೆ ಸ್ವಾತಂತ್ರ್ಯ ಅಂದರೆ ಬಿಸಿಲಿನಲ್ಲಿ ಬೆವರುತ್ತಿರುವ ಅಪ್ಪನೇ, ಅವನ ಹೆಗಲಿನ ಮೇಲೇ ಉಳಿದ ಕಂಬಳಿಯೇ.

ಹಾಗೇ ಉಳಿಯಲಿಕ್ಕೆ ಯಾರೋ ಎಲ್ಲೋ ಎಚ್ಚರ ಇರಬೇಕು, ಇದು ಕುರಿ ಕಾಯುವವನಿಗೆ ಹೇಳಿಕೊಡಬೇಕಾದ್ದಲ್ಲ, ಹಿಂಡು ಹೊಲದಲ್ಲಿ ಮಲಗಿದರೆ ಒಬ್ಬ ಕೂತಿರಬೇಕು, ತೋಳ ಬರುವುದು ಒಬ್ಬ ತೂಕಡಿಸಿದ ಗಳಿಗೆಗೆ, ಮಲಗಿದ ಕುರಿಗೆ ಮಾತ್ರ ಗೊತ್ತೇ ಆಗುವುದಿಲ್ಲ ಯಾರು ಕೂತಿದ್ದರು ಅಂತ. ಹಾಲಸಿದ್ದ ಚಲೋ ಕೂತಿರುತ್ತಿದ್ದ. ಹಾಲಸಿದ್ದ, ಮಗ, ಹಲ್ಲು ಮುಂದೆ, ನಕ್ಕರೆ ಪೂರಾ ನಕ್ಕವ. ಅವನು ಪಲ್ಟಣಕ್ಕೆ ಹೊರಟಾಗ ಹೆಂಡತಿ ಹೊಳೆವ್ವ ಇದ್ದಳು, ಉಣ್ಣೆ ಅವಳೇ ನೂತಳು, ಜಕ್ಕಪ್ಪ ನೇಯ್ದ, ಹಿಮ ಬೀಳ್ತೈತಂತ ಅಲ್ಲಿ ಅಂತ ಹೇಳಿ ಗಂಜಿ ದಪ್ಪ ಹಾಕಿದ, ಒಂದು ಕೈ ಹೆಚ್ಚೇ, ಮಳೆಗೆ ಬಿರುಸಿದ್ದರೆ ಹಿಮಕ್ಕೆ ಇನ್ನೂ ಬಿರುಸಿರಬೇಕಲ್ಲ ಅಂತ, ಹಿಮ ಕಂಡವರು ಯಾರು ಈ ಸೀಮೆಯಲ್ಲಿ. ಹಾಲಸಿದ್ದ ಸೂಟಿಗೆ ಬಂದು ಹೊಟ್ಟೆ ಹಿಡಕೊಂಡು ನಕ್ಕ, ಅಪ್ಪಾ, ನಿನ್ನ ಕಂಬಳಿ ಸಿಯಾಚಿನ್ದಾಗ ಹಲಗಿ ಆತೋ, ಹೊದ್ಯಾಕ ಹ್ವಾದ್ರ ಬಾಗವಲ್ದು, ಕಡೀಕ ಡೇರೆ ಮುಂದ ಹಿಡದ ನಿಂದ್ರಿಸಿದ್ವಿ, ನಿಂತ ಬಿಡ್ತು, ಅದರ ಮ್ಯಾಲ ಒಂದು ಟೊಪಗಿ ಇಟ್ವಿ, ಈಗ ಎಲ್ಲಾರೂ ಅದಕ್ಕ ಸೆಲ್ಯೂಟ್ ಹೊಡದ ಮುಂದ ಹೊಕ್ಕಾರ, ಹವಾಲ್ದಾರ ಜಕ್ಕಪ್ಪ ಅಂತ ಹೆಸರಿಟ್ಟೇವಿ. ರಾಮವ್ವ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು, ಹೊಳೆವ್ವ ಹುಸಿಮುನಿಸು ಮಾಡಿದಳು, ಅಪ್ಪನ ಹೆಸರ ಇಡ್ತೀರೇನೋ ಕಂಬಳಿಗೆ, ಐದು ವರ್ಷದ ಭರಮು ಅಂಗಳದಲ್ಲಿ ಮೂಲೆಯಲ್ಲಿದ್ದ ಇನ್ನೊಂದು ಕಂಬಳಿಗೆ ಸೆಲ್ಯೂಟ್ ಹೊಡೆಯುತ್ತ ತಿರುಗಿದ. ಇನ್ನ ಬಿಟ್ಟ ಬಿಡು ಅದನ್ನ, ಮೆತ್ತನ್ನ ರಗ್ಗು ಕೊಟ್ಟಾರಲಾ ಸರಕಾರದಾವರು, ಅಂದಳು ಹೊಳೆವ್ವ. ಹೆಂಗ ಬಿಡ್ಲಿ ಅವ್ವಾ, ಹವಾಲ್ದಾರ ಹಾಜರಿ ಇಲ್ಲಂದ್ರ ಪಹರೆ ಯಾರ ಮಾಡಾವ್ರು. ಅದೇ ಕಡೆಯ ನಗು, ಆಮೇಲಿನದೆಲ್ಲ ಬಿಳಿ. ಆ ಬಿಳಿಯಿಂದ ನಿಪ್ಪಾಣಿ ಕಡೆಯ ದಶರಥ ಒಬ್ಬ ಇಳಿದು ಬಂದ, ಹಾಲಸಿದ್ದನ ಜೋಡಿಯ ಜವಾನ, ಎರಡು ಬೆರಳು ಹಿಮಕ್ಕೆ ಕೊಟ್ಟು ಬಂದವ, ಕೂತ, ನೀರು ಕುಡಿದ, ಅವನಿಗೆ ಅರ್ಧ ಮರಾಠಿ ಅರ್ಧ ಕನ್ನಡ, ಬಾಬಾ, ಗುಡ್ಡಾನ ಜಾರಿ ಬಂತ್ರಿ, ಡೇರೆ ಗೇಲಾ, ಸಗಳೇ ಗೇಲೇ, ಎಲ್ಲಾ ಹೋತು, ನಾವು ಅಗದೀವಿ, ಅಗದ ಅಗದ ತಗದೀವಿ, ಹಾಲಸಿದ್ದ ಅವನ ಬಂದೂಕ ಬಿಟ್ಟಿದ್ದಿಲ್ರಿ — ಖರೆ ಬಾಬಾ, ಘೊಂಗಡಿ ಉಭೀ ಹೋತಿ, ಕಂಬಳಿ ನಿಂತಿತ್ರಿ, ಟೊಪಗಿ ಸೈತ, ಒಂದ ಗೇಣು ಆಚೀಕ ಗುಡ್ಡ ಜಾರೈತಿ, ಅದಕ್ಕ ಏನೂ ಆಗಿಲ್ಲ, ಹಂಗ ನಿಂತಿತ್ತು. ದಶರಥ ಅದನ್ನು ತಂದಿದ್ದ, ಮಡಚಿ, ಚೀಲದಲ್ಲಿ. ಊರಿನ ಬಿಸಿಲಿಗೆ ಬರುವಷ್ಟರಲ್ಲಿ ಮೆತ್ತಗಾಗಿತ್ತು, ಕೂಸು ಮಲಗಿಸುವ ಅರಿವೆಯ ಹಾಗೆ, ಹಿಮ ಗಂಜಿಯನ್ನೆಲ್ಲ ಕುಡಿದಿತ್ತು. ಹೊಳೆವ್ವನನ್ನು ಅದರಲ್ಲೇ ಸುತ್ತಿ ಮಣ್ಣು ಮಾಡಿದರು, ಮುಂದಿನ ವರ್ಷ. ಆದರೂ ಜಕ್ಕಪ್ಪನ ಲೆಕ್ಕಕ್ಕೆ ಅದು ಮರಳಿ ಬಂದಿಲ್ಲ, ಅಲ್ಲೇ ಇದೆ, ಎಲ್ಲ ಬೆಳ್ಳಗೆ, ನಡುವೆ ಒಂದು ಕರಿ ಕಂಬಳಿ, ತಲೆಯ ಮೇಲೆ ಟೊಪ್ಪಿಗೆ, ಒಳಗೆ ಯಾರೂ ಇಲ್ಲ, ನಿಂತಿದೆ, ಅವನದೇ ಹೆಸರಿನಲ್ಲಿ.

ಬಿಸಿಲು ಹೊಳೆಯ ಆಚೆ ದಂಡೆಗೆ ಸರಿಯಿತು. ಆಚೆ ಮಹಾರಾಷ್ಟ್ರ, ಈಚೆ ಕರ್ನಾಟಕ, ಅದೂ ಗಡಿಯೇ ಅಂತೆ, ಸಿಟ್ಟಿನವರು ವರ್ಷಾ ಅಲ್ಲಿ ಇಲ್ಲಿ ಕೂಗುತ್ತಾರೆ, ಆದರೆ ನಾವೆಯವನು ಎರಡೂ ಕಡೆಯ ಕುರಿ ದಾಟಿಸುತ್ತಾನೆ, ಮಗಳನ್ನು ಆಚೆ ಕೊಡುತ್ತೇವೆ, ಸೊಸೆಯನ್ನು ಅಲ್ಲಿಂದ ತರುತ್ತೇವೆ, ಈ ಗಡಿ ಹರಿಯುತ್ತದೆ, ಆ ಗಡಿ ಹೆಪ್ಪುಗಟ್ಟಿ ನಿಂತಿದೆ, ಅದು ನಿಂತಿದೆ ಅಂತಲೇ ಇದು ಹರಿಯುತ್ತಿದೆಯೇನೋ, ಯಾರಿಗೆ ಗೊತ್ತು. ಒಬ್ಬ ಕೂತಿರಬೇಕು, ಖರೆ. ಆ ಒಬ್ಬ ಯಾವಾಗಲೂ ನಮ್ಮನಿಯಾಂವ ಯಾಕ — ಇದನ್ನು ರಾಮವ್ವ ಕೇಳಲಿಲ್ಲ, ರೊಟ್ಟಿ ಬಡಿಯುತ್ತಿದ್ದಳು, ಮಾರನೆಯ ದಿನ ಪಂಚಮಿ, ಒಲೆಗೆ ಹಂಚು ಇಡುವ ಹಾಗಿಲ್ಲ ಅಂತ ಹೆಚ್ಚಿಗೆ ಬಡಿಯುತ್ತಿದ್ದಳು, ಬಡಿಯುವುದರಲ್ಲೇ ಕೇಳುತ್ತಿದ್ದಳು, ದಪ್ ದಪ್, ಯಾಕ ಯಾಕ. ಜಕ್ಕಪ್ಪ ಒಳಗೊಳಗೇ ಉತ್ತರ ಹುಡುಕಿದ, ಅಪ್ಪನ ಬೆನ್ನು ಸಿಕ್ಕಿತು, ಮಳೆಯಲ್ಲಿ. ಹಂಗಾರ ಹಾಕಲ್ಯೋ ಬ್ಯಾಡೋ ಬೇ ಯವ್ವಾ, ಅಂತ ಒಂದು ಸಲ ಬಾಯಿಗೆ ಬಂತು, ನುಂಗಿದ, ಅವಳ ಮೇಲೆ ಹೊರಿಸಿ ಕೈ ತೊಳಕೊಂಡರೆ ಅವನು ಹಿರಿಯ ಹೇಗೆ. ಗಂಜಿಯ ಗಡಿಗೆಯ ಕಡೆ ಹೋದ, ಮುಚ್ಚಳ ತೆಗೆದ, ನೋಡಿದ, ಮುಚ್ಚಿದ, ನಾಳೆ ಹೊತ್ತು ಮೂಡುವಾಗ ಸವರಿದರೂ ಆದೀತು, ಭರಮುನ ರೈಲು ಶೇಡಬಾಳಕ್ಕೆ ಬರುವುದು ಮಧ್ಯಾಹ್ನ, ಒಂದು ಬಿಸಿಲು ಸಾಕು, ನಾಳೆ, ನಾಳೆ.

ಕೋಳಿ ಕೂಗಿತು, ಹಿತ್ತಲಲ್ಲಿ ಬಳ ಬಳ ಸಪ್ಪಳ. ಜಕ್ಕಪ್ಪ ಎದ್ದು ಹೋಗಿ ನೋಡಿದರೆ ರಾಮವ್ವ, ಮಿಂದು ಮಡಿಯುಟ್ಟು, ಗಡಿಗೆ ಬೋರಲು ಮಾಡಿ ನಿಂತಿದ್ದಾಳೆ, ಗಂಜಿಯೆಲ್ಲ ಬೇವಿನ ಬುಡಕ್ಕೆ, ಮಣ್ಣು ಕುಡಿಯುತ್ತಿದೆ, ಹುಳಿ ವಾಸನೆ. ಹೋಯಿತು. ಇವತ್ತು ಪಂಚಮಿ, ಹುರಿಯುವ ಹಾಗಿಲ್ಲ, ಅರೆಯುವ ಹಾಗಿಲ್ಲ, ಇನ್ನೊಮ್ಮೆ ಗಂಜಿ ಆಗುವುದಿಲ್ಲ, ಗಂಜಿ ಇಲ್ಲದ್ದು ಕಂಬಳಿ ಅಲ್ಲ, ಭರಮು ಹೊಸ್ತಿಲು ದಾಟುವುದಿಲ್ಲ, ಜಾಣಿ, ಭಾಳ ಜಾಣಿ ನೀ ಯವ್ವಾ — ಮುದುಕನ ಎದೆಯಿಂದ ಒಂದು ಭಾರ ಇಳಿದು ಅದೇ ಜಾಗದಲ್ಲಿ ಇನ್ನೊಂದು ಭಾರ ಕೂತಿತು, ಕುದುರೆಯೊಂದು ಎಲ್ಲೋ ಮೈ ಕೊಡವಿದ ಹಾಗೆ. ರಾಮವ್ವ ಒಳಗೆ ಹೋದಳು, ಬಂದಳು, ಕೈಯಲ್ಲಿ ಆ ಹೊಸ ಕಂಬಳಿ, ಅದರ ಮೇಲೆ ಶೇಂಗಾದ ಉಂಡಿಯ ಡಬ್ಬಿ. ಹಾಕ್ರಿ ಮಾವಾ, ಅಂದಳು, ಅವನ ಮನಸ ಆಗಲೇ ಹೊಂಟ ಹೋಗೇತಿ. ಹಿಂಗ ಹಾಕ್ರಿ. ಗಂಜಿ ಬ್ಯಾಡ. ಗಂಜಿ ಇಲ್ಲದ ಹೆಂಗ ಬೇ, ಇದಿನ್ನೂ ಉಣ್ಣಿ, ಅಂದ ಜಕ್ಕಪ್ಪ. ಉಣ್ಣೀನ ಇರ್ಲಿ ತಗೀರಿ, ಮೆತ್ತಗಿರ್ಲಿ. ಅವಳು ಕಂಬಳಿಯ ಅಂಚು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿ ಬಿಟ್ಟಳು, ಅದು ಮಡಿಕೆ ಮಡಿಕೆಯಾಗಿ ನೆಲಕ್ಕೆ ಕುಸಿಯಿತು. ನೋಡ್ರಿ, ಬಿದ್ದ ಬಿಡ್ತು. ಹಿಂಗ ಬೀಳಬೇಕು. ಒಳಗ ಮನಷ್ಯಾ ಇಲ್ಲದ ನಿಂದ್ರಬಾರದು.

ಭರಮು ಬಗ್ಗಿದ. ಹೆಗಲು ಅಗಲ ಆಗಿವೆ ಹುಡುಗನವು, ಯಾವಾಗ ಆದವು, ಕಂಬಳಿ ಹೆಗಲಿನ ಮೇಲೆ ಕೂತಿತು, ಬೆನ್ನಿನ ಗುಂಟ ಇಳಿಯಿತು, ಮನುಷ್ಯ ಹೇಗೋ ಹಾಗೇ, ಮುದುಕನ ಹೆಬ್ಬೆಟ್ಟಿನಿಂದ ಭಂಡಾರ, ಹಳದಿ ಪುಡಿ ಮೂಗಿನ ಮೇಲೂ ಉದುರಿ ಹುಡುಗ ಸೀನಿದ, ಸೀನಬ್ಯಾಡಲೇ ಹೊರಡೂ ಮುಂದ, ಅಂದಳು ರಾಮವ್ವ, ಅಂದು ತಾನೇ ಅವನ ಮೂಗು ಒರೆಸಿದಳು, ಒರೆಸಿದ ಸೆರಗನ್ನು ಬಹಳ ಹೊತ್ತು ಬಿಡಲಿಲ್ಲ. ಮುತ್ಯಾ, ಹವಾಲ್ದಾರಗ ಏನರ ಹೇಳ್ಲೇನು, ಅಂದ ಭರಮು, ಅಪ್ಪನ ಹಲ್ಲು, ಅಪ್ಪನ ನಗು. ಜಕ್ಕಪ್ಪನಿಗೆ ಹೇಳುವುದಿತ್ತು, ಅವಗ ಅಂದುಬಿಡಪ್ಪಾ, ಭಾಳ ದಿನ ಆತು, ಇನ್ನ ಕುಂಡ್ರು ಅಂತ — ಕೈ ಎತ್ತಿದ, ಅಷ್ಟೇ. ಓಣಿಯಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಕಟ್ಟುತ್ತಿದ್ದರು, ಒಬ್ಬಳು ಕೂಗಿದಳು, ಏ ಭರಮ್ಯಾ, ಪಂಚಮಿಗೆ ಎಲ್ಲಾರೂ ಬರ್ತಾರ, ನೀ ಹೊಂಟಿ ನೋಡು! ಅವನು ತಿರುಗಿ ನಕ್ಕ, ಕರಿ ಕಂಬಳಿ ನಡೆಯಿತು, ತಿರುವಿನಲ್ಲಿ ಒಂದು ಸಲ ಹಾರಿತು, ಆಮೇಲೆ ಬರೀ ಓಣಿ. ಟಣ್. ಝೇಂಡಾ ನಿನ್ನೆಯೇ ಇಳಿಸಿದ್ದಾರೆ, ಬರೀ ಹಗ್ಗ. ಭರಮು ಹೋದ, ಸೋಮವಾರ, ನಾಗರಪಂಚಮಿಯ ದಿನ, ಮೆತ್ತನ್ನ ಕಂಬಳಿ ಹೊತ್ತು — ಟಣ್ — ಮತ್ತು ಮುದುಕನ ಮುಚ್ಚಿದ ಕಣ್ಣೊಳಗೆ ಎಲ್ಲ ಬೆಳ್ಳಗೆ, ನಡುವೆ ಒಂದು ಕರಿ ಕಂಬಳಿ, ತಲೆಯ ಮೇಲೆ ಟೊಪ್ಪಿಗೆ, ಒಳಗೆ ಯಾರೂ ಇಲ್ಲ, ನಿಂತಿದೆ, ನಿಂತೇ ಇದೆ