ನಾಲ್ಕನೇ ಸುತ್ತು

ಅವ್ವ ರುದ್ರಮ್ಮ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವುದು ಕಂಡದ್ದೇ ತಡ, ಮೈಕಿನ ಮುಂದೆ ನಿಂತಿದ್ದ ಸಿದ್ದಮಲ್ಲಪ್ಪನಿಗೆ ಓದುತ್ತಿದ್ದ ಸಾಲು ತಪ್ಪಿಹೋಯಿತು. ಈ ಕಾರ್ಯಕ್ರಮದ ಸುದ್ದಿಯನ್ನೇ ಅವನು ಅವಳಿಗೆ ಹೇಳಿರಲಿಲ್ಲ. ತಿ. ನರಸೀಪುರದಲ್ಲಿ ಓದುಗರ ಬಳಗ ನಡೆಸುತ್ತಿದ್ದ ಚಿಕ್ಕಮಾದು ಮೇಷ್ಟ್ರು ಅವಳ ಊರು ಕವಲಂದೆಗೆ ಕಾರು ಕಳಿಸಿ ಕರೆಸಿದ್ದರು. ಲೇಖಕರ ತಾಯಿ ಬಂದು ಕೂತರೆ ಸಭೆಗೊಂದು ಕಳೆ ಎಂಬುದು ಅವರ ಎಣಿಕೆ. ಒಳ್ಳೆಯ ಮನುಷ್ಯರು ಇಂಥ ಎಡವಟ್ಟು ಮಾಡುವುದರಲ್ಲಿ ಎತ್ತಿದ ಕೈ.

ಸಿದ್ದಮಲ್ಲಪ್ಪ ಹೆಸರು ಮಾಡಿದ್ದು ಪತ್ತೇದಾರಿ ಕಾದಂಬರಿಗಳಿಂದ. ಸತ್ತವನಿಗೂ ಟಿಕೆಟ್ ಹರಿದು ಚಿಲ್ಲರೆಗೆ ಕಾಯುವ ಕಂಡಕ್ಟರು, ಕೊಲೆಯಾದ ಮನೆಯಲ್ಲಿ ಕೂತು ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ತಕರಾರು ತೆಗೆಯುವ ಇನ್‌ಸ್ಪೆಕ್ಟರು. ಹೆಣ ಬಿದ್ದಷ್ಟೂ ಜನ ನಕ್ಕರು. ಈಗ 2004ರಲ್ಲಿ ಮೊದಲ ಸಲ ತನ್ನದೇ ಕಥೆ ಬರೆದಿದ್ದ. ಹಿಂದೊಮ್ಮೆ ತಲೆ ಕೆಟ್ಟು ಮಾತೇ ನಿಂತುಹೋಗಿದ್ದ ವರ್ಷ, ಆಸ್ಪತ್ರೆಯ ವಾರ್ಡು, ಗುಳಿಗೆ, ಎಲ್ಲವೂ ಅದರಲ್ಲಿತ್ತು. ಓದು ಬಾರದ ಅವ್ವನಿಗೆ ಅದರೊಳಗೆ ತಾನೂ ಇದ್ದೇನೆಂದು ಗೊತ್ತಿರಲಿಲ್ಲ.

ವಾರ್ಡಿನ ಭಾಗ ಮುಗಿದಾಗ ಸಭೆ ತಣ್ಣಗಾಗಿತ್ತು. ಯಾರೋ ಕೆಮ್ಮಿದರು. ಚಿಕ್ಕಮಾದು ಮೇಷ್ಟ್ರು ಕೂತಲ್ಲಿಂದಲೇ, “ಸಾ, ಆ ನಂಜನಗೂಡು ದೇವಸ್ಥಾನದ್ದು ಓದಿ ಸಾ. ಜನ ಅದ್ಕೇ ಕಾಯ್ತಾವ್ರೆ,” ಎಂದರು.

ಗಂಟಲು ಕಟ್ಟಿದೆ ಎನ್ನಬಹುದಿತ್ತು. ಬೇರೆ ಪುಟ ತೆಗೆಯಬಹುದಿತ್ತು. ಅವ್ವ ಮುಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು, ಪರೀಕ್ಷೆಯಲ್ಲಿ ಮಗ ಪಾಸಾಗಲೆಂದು ಕೂತವಳಂತೆ ಕೂತಿದ್ದಳು. ಆದರೂ ನಗದ ಸಭೆಯ ಮುಂದೆ ನಿಲ್ಲುವುದೆಂದರೆ ಅವನಿಗೆ ಪ್ರಾಣ ಹೋದಷ್ಟು ಕಷ್ಟ. ಓದಿಯೇಬಿಟ್ಟ.

“‘ನನ್ನ ತಲೆ ಸರಿಹೋಗಲೆಂದು ನಮ್ಮವ್ವ ಮೂರು ಸುತ್ತು ಉರುಳುಸೇವೆ ಹರಸಿಕೊಂಡಳು. ಒದ್ದೆ ಸೀರೆಯಲ್ಲಿ ಉರುಳುತ್ತಿದ್ದ ಅವಳನ್ನೂ ಕಂಬಕ್ಕೊರಗಿ ಕೂತಿದ್ದ ನನ್ನನ್ನೂ ನೋಡಿ, ಆಸ್ಪತ್ರೆಗೆ ಯಾರನ್ನು ಸೇರಿಸಬೇಕೆಂದು ಅರ್ಚಕರಿಗೇ ಗೊಂದಲ. ಅವ್ವನಿಗೆ ಲೆಕ್ಕ ಬಾರದು. ನಾಲ್ಕು ಸುತ್ತು ಉರುಳಿದಳು. ಮಿಕ್ಕ ಒಂದನ್ನು ದೇವರು ನನ್ನ ಮುಂದಿನ ಹುಚ್ಚಿಗೆ ಜಮಾ ಮಾಡಿಕೊಂಡಿರಬೇಕು.’”

ಸಭೆ ಬಿದ್ದು ಬಿದ್ದು ನಕ್ಕಿತು. ರುದ್ರಮ್ಮ ಆ ಕಡೆ ಈ ಕಡೆ ನೋಡಿದಳು. ಎಲ್ಲರೂ ನಗುತ್ತಿದ್ದುದರಿಂದ ಕೊನೆಗೆ ತಾನೂ ಬಾಯಿಗೆ ಸೆರಗು ಒತ್ತಿ ನಕ್ಕಳು. ನಾಚಿಕೆಯಿಂದ ಸಿದ್ದಮಲ್ಲಪ್ಪನ ಕಿವಿ ಸುಟ್ಟುಹೋದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಸಭೆ ಮುಗಿದ ಮೇಲೆ ಜಗಲಿಯಲ್ಲಿ ಕೂತಿದ್ದ ಅವ್ವನ ಮುಂದೆ ಹೋಗಿ ನಿಂತ.

“ತಪ್ಪಾಯ್ತು ಕಣವ್ವ.”

“ತಪ್ಪೇನ್ಲಾ? ಮುದುಕಿ ಉರುಳಾಡುದ್ರೆ ನಗೆ ಬರ್ದೆ ಇದ್ದದಾ? ನಗಾಡ್ಲಿ ಬುಡು.” ಎಲೆಯಡಿಕೆ ಚೀಲದ ದಾರ ಬಿಗಿದಳು. “ಆದ್ರೆ ನಾನು ಲೆಕ್ಕ ತಪ್ಪಿರ್ನಿಲ್ಲ ಕಣಪ್ಪ. ಮೂರಾಗಿದ್ದು ಗೊತ್ತಿತ್ತು.”

“ಮತ್ಯಾಕವ್ವ ಇನ್ನೊಂದು?”

“ಮೂರ್ನೇದು ಮುಗ್ಸಿ ಏಳ್ತಿದ್ದೆ, ಕಾಲು ಜಾರಿ ಧೊಪ್ಪಂತ ಬಿದ್ದೆ. ನೀನು ನಕ್ಬುಟ್ಟೆ. ತಿಂಗ್ಳುಗಟ್ಲೆ ಬಾಯೇ ಬುಡ್ದೋನು. ಮಂಡಿ ಕಿತ್ತೋಗಿ ರಕ್ತ ಬತ್ತಿತ್ತು. ಓಗ್ಲಿ, ಮಗ ಇನ್ನೊಂದ್ಸಲ ನಗ್ತಾನೇನೋ ಅಂತ ಮತ್ತೆ ಮಲೀಕಂಡೆ.”

ನಕ್ಕದ್ದು ಅವನಿಗೆ ನೆನಪೇ ಇರಲಿಲ್ಲ. ಮತ್ತೆ ನಕ್ಕೆನೇ ಎಂದು ಕೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಒಬ್ಬರು ಪುಸ್ತಕ ಬಿಡಿಸಿಕೊಂಡು ಬಂದರು. ರುದ್ರಮ್ಮ ಯಾರೆಂದು ಅವರಿಗೆ ತಿಳಿದಿರಲಿಲ್ಲ. “ಸಾ, ಆ ಉರುಳುಸೇವೆ ಪೇಜಲ್ಲೇ ಒಂದು ಸೈನ್ ಆಕ್ಕೊಡಿ ಸಾ. ಮನೇಲಿ ಎಲ್ರೂ ಬಿದ್ದು ನಗ್ತಾರೆ.”

ಸಿದ್ದಮಲ್ಲಪ್ಪ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

“ಆಕ್ಕೊಡ್ಲಾ, ಪಾಪ ಕಾಯ್ತಾವ್ರೆ,” ಎಂದ ರುದ್ರಮ್ಮ, ಬರೆಯಲು ಆನಿಕೆಯಿಲ್ಲದ್ದು ನೋಡಿ, ಪುಸ್ತಕದ ಅಡಿಗೆ ತನ್ನ ಎರಡೂ ಅಂಗೈ ಹಿಡಿದಳು.