ಕವರು ಹಾಕಿದ ರಿಮೋಟು

"ಕಣ್ಣು ಟೀವ್ಯಾಗ ಇಟ್ಟು ಕೈ ಯಾಕ ನಿಲ್ಲಿಸ್ತೀರೇ ಮುಂಡೇರಾ? ನೋಡೋದು ಕಣ್ಣೀಲೆ, ತೊಟ್ಟು ಬಿಡಿಸೋದು ಕೈಲೆ. ಎಲ್ಡೂ ಒಂದ ಐತೇನು?"

ಶೆಡ್ಡಿನ ಬಾಗಿಲಲ್ಲಿ ನಿಂತು ಹೀಗೆ ಬೈದವಳು ದಾಕ್ಷಾಯಣಮ್ಮ, ಸಾಹುಕಾರ ಗವಿಸಿದ್ದಪ್ಪನ ಹೆಂಡತಿ. ಕೇರಿಯ ನಾವು ಇಪ್ಪತ್ತೆಂಟು ಹೆಂಗಸರು ತಲೆ ತಗ್ಗಿಸಿ ಮತ್ತೆ ಮೆಣಸಿನಕಾಯಿ ರಾಶಿಗೆ ಕೈ ಹಾಕಿದೆವು. ಬೆಳಗಿನಿಂದ ಅವರದೇ ಹೊಲದಲ್ಲಿ ಕಾಯಿ ಬಿಡಿಸಿ ಬಂದ ಕೈಗಳು. ಅದಕ್ಕೆ ಕೂಲಿ ಉಂಟು. ಸಂಜೆ ಆರರಿಂದ ಎಂಟರವರೆಗೆ ಈ ಶೆಡ್ಡಿನಲ್ಲಿ ಒಣಕಾಯಿಯ ತೊಟ್ಟು ಮುರಿಯುವುದಕ್ಕೆ ಕೂಲಿ ಇಲ್ಲ. ಇದಕ್ಕೆ ಟೀವಿ ಉಂಟು.

ಗೋಡೆಗೆ ಹಾಕಿದ ಆ ಟೀವಿ ನಮ್ಮ ಮನೆ ಬಾಗಿಲಷ್ಟು ಅಗಲ. ಅದರಲ್ಲಿ ಸೊಸೆಯೊಬ್ಬಳು ಅಳುತ್ತಿದ್ದಳು, ಕೆಳಗೆ ನಾವೂ ಅಳುತ್ತಿದ್ದೆವು. ಅವಳದು ಅತ್ತೆ ತರಿಸಿದ ಕಣ್ಣೀರು, ನಮ್ಮದು ಗುಂಟೂರು ಕಾಯಿ ತರಿಸಿದ್ದು. ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ, ಖಾರದ ಕೈ ತಾಗಿದರೆ ಇಡೀ ರಾತ್ರಿ ನಿದ್ದೆ ಇಲ್ಲ.

ಆದರೆ ನನ್ನ ಉರಿ ಕಣ್ಣಿನದಲ್ಲ, ಹೊಟ್ಟೆಯದು. ಇದನ್ನು ಮುಚ್ಚಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಎಲ್ಲರೂ ಬರಿ ನೆಲದ ಮೇಲೆ ಕೂತಿದ್ದರೆ, ಮೊದಲ ಸಾಲಿನಲ್ಲಿ ಮಡಿಸಿದ ಗೋಣಿಚೀಲದ ಮೇಲೆ ಕೂತಿದ್ದವಳು ಹೇಮಾ. ನನ್ನ ನೆಗೆಣ್ಣಿ, ಗಂಡನ ತಮ್ಮ ದುರ್ಗೇಶನ ಹೆಂಡತಿ. ಅವಳ ಮಡಿಲಲ್ಲಿ ರಿಮೋಟು. ಯಾವ ಚಾನೆಲ್ಲು, ಎಷ್ಟು ಸದ್ದು, ಎಲ್ಲ ಅವಳ ಬೆರಳು ಹೇಳಿದಂತೆ. ಮುದುಕಿಯರು ಕೂಡ ಅವಳನ್ನು ಹೇಮಕ್ಕ ಎಂದು ಕರೆದು ಇನ್ನೊಂದು ಸೀರಿಯಲ್ಲು ಹಾಕು ಎಂದು ಬೇಡಿಕೊಳ್ಳುತ್ತಿದ್ದರು. ನಾನು ಹನುಮಮ್ಮ. ಇವರೆಲ್ಲರಿಗೂ ಒಂದು ಕಾಲದಲ್ಲಿ ನನ್ನ ಮನೆಯಲ್ಲಿ ಚಾಪೆ ಹಾಸಿ ಟೀವಿ ತೋರಿಸಿದವಳು. ಈಗ ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತು ಅರ್ಧ ಟೀವಿ, ಅರ್ಧ ಕಂಬ ನೋಡುತ್ತಿದ್ದೆ.

ಆ ಕಾಲದ ಕಥೆ ಹೇಳಬೇಕು. ನನ್ನ ಗಂಡ ಹೊನ್ನೂರಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಮಾಲಿ. ಅಂಗಡಿಯವರು ಬೇಡವೆಂದು ಹೊರಗಿಟ್ಟ ಟೀವಿಯನ್ನು ಕೇಳಿ ಪಡೆದು, ಮೂಟೆ ಹೊರುವ ಹೆಗಲ ಮೇಲೇ ಹೊತ್ತು, ಸಿರುಗುಪ್ಪದ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದ. ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ. ಕೇರಿಗೆಲ್ಲ ಅದೊಂದೇ ಗಳ, ಬರುತ್ತಿದ್ದದ್ದು ಸರ್ಕಾರದ ಒಂದೇ ಚಾನೆಲ್ಲು. ಅದಕ್ಕೂ ಮೊದಲು, ನನ್ನ ಅತ್ತೆಯ ಕಾಲದಲ್ಲಿ, ಟೀವಿ ನೋಡಬೇಕೆಂದರೆ ಸಾಹುಕಾರನ ಮನೆಯ ಕಿಟಕಿಯ ಹೊರಗೆ ದನದ ಗೋದಲಿಯ ಪಕ್ಕ ನಿಲ್ಲಬೇಕಿತ್ತು. ನಮ್ಮ ಗಳ ಎದ್ದ ದಿನ ಇಡೀ ಕೇರಿ ಆ ಕಿಟಕಿಗೆ ಬೆನ್ನು ತಿರುಗಿಸಿತು. ಭಾನುವಾರ ನನ್ನ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಬರ್ರಿ ಬರ್ರಿ ಅನ್ನುತ್ತಿದ್ದೆ.

ಗಾಳಿ ಬಂದರೆ ಗಳ ತಿರುಗಿ ಚಿತ್ರ ಅಲುಗಾಡುತ್ತಿತ್ತು. ಆಗ ಕುರುಗೋಡಿನಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ಹೇಮಾ ಹೊರಗೆ ನಿಂತು ಗಳ ತಿರುವಬೇಕು, ಒಳಗಿಂದ ನಾನು ಬಂತು, ಹೋತು, ಇನ್ನೊಂಚೂರು ಎಂದು ಕೂಗಬೇಕು. ಅರ್ಧ ಸಿನಿಮಾ ಅವಳು ಅಂಗಳದಲ್ಲೇ ಕಳೆಯುತ್ತಿದ್ದಳು. ಇನ್ನು ಸಾಕು, ಒಳಗೆ ಬಾ ಎಂದು ನಾನು ಕರೆದದ್ದು ಕಡಿಮೆ. ಟೀವಿ ನನ್ನದಲ್ಲವೇ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಹಿರಿಸೊಸೆಗೂ ಒಂದು ಕಾಲ ಇರುತ್ತದೆ, ಆಗ ಅದು ನಡೆದಿತ್ತು.

ಒಂದು ದಿನ ಚಿತ್ರ ಹೋಯಿತು. ತೆರೆಯ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕೆ. ಗಳವನ್ನು ನಾಲ್ಕು ದಿಕ್ಕಿಗೂ ತಿರುಗಿಸಿದ್ದಾಯಿತು, ಆಂಟೆನಾದ ಕಡ್ಡಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಯಿತು, ಟೀವಿಗೆ ನಿಂಬೆಹಣ್ಣು ಇಳಿಸಿ ದೃಷ್ಟಿ ತೆಗೆದದ್ದೂ ಆಯಿತು. ಹಿಂದಿನ ದಿನ ನಲ್ಲಿ ನೀರಿಗೆ ನನಗೂ ಹೇಮಾಗೂ ಮಾತಿಗೆ ಮಾತು ಬೆಳೆದಿತ್ತು. ನನಗೆ ಹೊಳೆದದ್ದು ಒಂದೇ. ಇವಳೇ ಗಳದ ಮೇಲಿನ ವೈರು ಕಡಿದಿದ್ದಾಳೆ.

ಕೇರಿಯ ನಡುವೆ ನಿಂತು ಬೈದೆ. "ನನ್ನ ಮನ್ಯಾಗ ನಾಕ್ ಮಂದಿ ಕೂಡೋದು ನೋಡಿ ಹೊಟ್ಟಿ ಉರ್ಕೊಂಡು ವೈರ್ ಕಡದೀಯಲ್ಲಲೇ ಸೂಳಿ. ನಿನ್ನ ಕೈಗೆ ಹುಳ ಬೀಳ್ಲಿ" ಅಂದೆ. ಅವಳು ಹುಲಿಗೆಮ್ಮನ ಮೇಲೆ ಆಣೆ ಇಟ್ಟಳು. ಎದೆ ಬಡಿದುಕೊಂಡು ಅತ್ತಳು. ನಾನು ಕೇಳಲಿಲ್ಲ, ನನ್ನ ಮಾತು ಕೇಳಿ ಕೇರಿಯೂ ಅವಳನ್ನು ಕೆಲವು ದಿನ ಕೆಟ್ಟ ಕಣ್ಣಿನಿಂದಲೇ ನೋಡಿತು. ದುರ್ಗೇಶ ನಮ್ಮಿಬ್ಬರ ಮನೆಯ ನಡುವಿನ ಬಾಗಿಲಿಗೆ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿದ. ಗಳ ಬಟ್ಟೆ ಒಣಹಾಕುವುದಕ್ಕೆ ಬಂತು. ಅಲ್ಲಿಂದೀಚೆಗೆ ಐದು ವರ್ಷ ನಾವಿಬ್ಬರೂ ಮಾತಾಡಿಲ್ಲ.

ಈ ಸಲ ಕಾಯಿ ಕೆಂಪಾಗುವ ಹೊತ್ತಿಗೆ ಸಾಹುಕಾರ ಶೆಡ್ಡಿನ ಮೇಲೆ ಡಿಶ್ಶು ಕೂರಿಸಿದ. ಕೇರಿಗೆ ತಾನೇ ಬಂದು, ಬೈಕಿನಿಂದ ಇಳಿಯದೆ, ನಮಗೆ ಟೀವಿ ಇಲ್ಲದ್ದಕ್ಕೆ ತನ್ನ ಕರುಳು ಕಿತ್ತು ಬರುತ್ತದೆ ಎಂದ. ಪುಕ್ಕಟೆ ನೋಡಿ, ಸುಮ್ಮನೆ ಕೂರುವ ಬದಲು ಎರಡು ಕಾಯಿ ತೊಟ್ಟು ಬಿಡಿಸಿ ಎಂದ. ಎರಡು ಕಾಯಿ ವಾರದೊಳಗೆ ತಲೆಗೆ ಅರ್ಧ ಚೀಲವಾಯಿತು. ನಿಮ್ಮಲ್ಲಿ ಮೊಬೈಲು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನಮ್ಮ ಮನೆಯದು ಹೊನ್ನೂರಪ್ಪನ ಅಂಗಿಯ ಜೇಬಿನಲ್ಲಿ ಬ್ರೂಸ್‌ಪೇಟೆಯಲ್ಲಿದೆ, ಹೇಮಾಳ ಮನೆಯದು ದುರ್ಗೇಶನ ಜೊತೆ ಟ್ರ್ಯಾಕ್ಟರಿನ ಮೇಲೆ ಹಚ್ಚೊಳ್ಳಿ ಕಡೆಯ ಊರು ಸುತ್ತುತ್ತದೆ. ಹೆಂಗಸರಿಗೆ ಶೆಡ್ಡೇ ಗತಿ.

ಅವತ್ತು, ದಾಕ್ಷಾಯಣಮ್ಮ ಬೈದು ಹೋದ ಮೇಲೆ, ಸಿರುಗುಪ್ಪದಿಂದ ಡಿಶ್ಶು ರಿಪೇರಿಯ ಶೇಖರ್ ಬಂದ. ಗಾಳಿಗೆ ಡಿಶ್ಶು ಒಂದಿಷ್ಟು ಅಲುಗಾಡಿತ್ತು. ಅವನು ಏಣಿ ಇಳಿಯುವಾಗ ನಾನು ನಮ್ಮ ಗಳದ ಸಂಗತಿ ತೆಗೆದೆ. ಹೊಸ ವೈರು ಹಾಕಿದರೆ ಬಂದೀತೇ ಎಂದು ಕೇಳಿದೆ. ಅವನು ನಕ್ಕ.

"ನಿಮ್ಮ ವೈರಿಗೇನೂ ಆಗಿಲ್ಲಕ್ಕ. ಸರ್ಕಾರದೋರು ಟವರ್ರೇ ಬಂದ್ ಮಾಡ್ಯಾರ. ಈಗ ಡಿಶ್ಶು, ಸೆಟ್‌ಟಾಪ್ ಡಬ್ಬಿ ಇದ್ರಷ್ಟ ಚಿತ್ರ. ಬಂದ್ ಮಾಡ್ತೀವಂತ ಕೆಳಗ ಬರೆದು ಓಡಿಸ್ತಿದ್ರಲ್ಲ, ಓದಿಲ್ಲೇನು?"

ಓಡುವ ಅಕ್ಷರ ನೋಡಿದ್ದೆವು. ಮಳೆಯ ಸುದ್ದಿಯೋ ಜಾಹೀರಾತೋ ಇರಬೇಕು ಅಂದುಕೊಂಡಿದ್ದೆವು. ನಿಂತ ಅಕ್ಷರವೇ ಬಾರದವರಿಗೆ ಓಡುವ ಅಕ್ಷರ ಎಲ್ಲಿ ಸಿಗುತ್ತದೆ? ಡಿಶ್ಶು, ಡಬ್ಬಿ ತರುವ ತಾಕತ್ತು ನಮಗಿರಲಿಲ್ಲ, ಅದು ಬೇರೆ ಮಾತು. ಶೇಖರ್ ಹೇಳಿದ್ದನ್ನು ಎಲ್ಲ ಹೆಂಗಸರೂ ಕೇಳಿಸಿಕೊಂಡರು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಹೇಮಾ ತಿರುಗಲಿಲ್ಲ. ಅವಳ ಬೆನ್ನು ಮಾತ್ರ ಸೆಟೆಯಿತು, ಆಮೇಲೆ ಟೀವಿಯ ಸದ್ದು ಜಾಸ್ತಿಯಾಯಿತು.

ನಾನು ಆಗಲೇ ಎದ್ದು ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಮತ್ತೆ ಕಾಯಿ ರಾಶಿಗೆ ಕೈ ಹಾಕಿದೆ. ಅವಳು ಗಳ ಹಿಡಿದು ಅಂಗಳದಲ್ಲಿ ನಿಂತವಳೇ ಆಗಿದ್ದರೆ ಅನ್ನುತ್ತಿದ್ದೆನೇನೋ. ರಿಮೋಟು ಹಿಡಿದು ಗೋಣಿಯ ಮೇಲೆ ಕೂತವಳಿಗೆ ಹೇಗೆ ಅನ್ನಲಿ? ಅಂದರೆ ಅವಳು ಇನ್ನೊಂದು ಗೇಣು ಎತ್ತರವಾಗುತ್ತಾಳೆ. ಅದರ ಬದಲು ಆ ರಿಮೋಟು ಕಸಿದುಕೊಳ್ಳುವ ದಾರಿ ಯೋಚಿಸಿದೆ. ದಿನಾ ಸಾಹುಕಾರನ ಮನೆಯ ಹಿತ್ತಿಲಿಗೆ ಮೊದಲು ಹೋಗಿ ರಿಮೋಟು ತರುವವಳು ಅವಳು. ನಾನು ಅವಳಿಗಿಂತ ಮೊದಲು ಹೋದರೆ?

ಮರುದಿನ ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೊಲದಿಂದ ಬೇಗ ಬಿಟ್ಟುಬಂದೆ. ಮುಖ ತೊಳೆದು, ತಲೆ ಬಾಚಿ, ಹಿತ್ತಿಲ ಬಾಗಿಲಿಗೆ ಹೋಗಿ ಅಮ್ಮಾರೇ ಎಂದು ಕೂಗಿದೆ. ದಾಕ್ಷಾಯಣಮ್ಮ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವತ್ತು ನೀ ಬಂದಿ? ಅಕಿ ಎಲ್ಲಿ ಹಾಳಾಗಿ ಹೋದ್ಲು? ಯಾರಾದ್ರೇನು, ಹಿಂದಕ ಸರಿ. ಸೆರಗು ಒಡ್ಡು."

ಗೂಡಿನಿಂದ ರಿಮೋಟು ತೆಗೆದಳು. ಒಂದು ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿಗೆ ರಬ್ಬರು ಸುತ್ತಿದಳು. ಕವರು ಯಾಕೆ ಎಂದು ನಾನು ಕೇಳಿದ್ದು ತಪ್ಪಾಯಿತು.

"ಯಜಮಾನ್ರು ಮುಟ್ಟೋ ಸಾಮಾನದು. ನೀವು ಮುಟ್ಟಿದ್ದು ನೀರು ಹಾಕಿ ತೊಳಿಯಾಕ ಬರ್ತೈತೇನು, ಕೆಟ್ಟು ಹೋಗೂದಿಲ್ಲ? ವಾಪಸ್ ತಂದಾಗ ಕವರ್ ಬಿಚ್ಚಿ, ಒಳಗಿಂದು ಮುಟ್ಟದಂಗ ಆ ಕಟ್ಟಿ ಮ್ಯಾಲ ಜಾರಿಸಿ ಹೋಗು. ಹೇಮಾಗ ರೂಢಿ ಐತಿ, ಅಕಿನ್ನ ಕೇಳು."

ಎತ್ತರದಿಂದ ಬಿಟ್ಟಳು. ಅದು ಮೊದಲು ನನ್ನ ಮಣಿಕಟ್ಟಿನ ಮೂಳೆಗೆ ಬಡಿದು ಆಮೇಲೆ ಸೆರಗಿಗೆ ಬಿತ್ತು. ಕಟ್ಟೆಯ ಬುಡದಲ್ಲಿ ಹಳೆಯ ಕವರುಗಳ ಗುಪ್ಪೆ ಇತ್ತು, ಕಾಯಿ ಕೆಂಪಾದಾಗಿನಿಂದ ದಿನಕ್ಕೊಂದರಂತೆ. ನಾವು ತೊಟ್ಟು ಮುರಿದ ಮೆಣಸಿನಕಾಯಿ ಅವರ ಮನೆಯ ಸಾರಿಗೆ ಬೀಳುತ್ತದೆ. ಅದಕ್ಕೆ ಕವರು ಇಲ್ಲ.

ತಿರುಗಿ ನೋಡಿದರೆ ಹೇಮಾ ಬೇವಿನ ಮರದ ಕೆಳಗೆ ನಿಂತಿದ್ದಳು. ನಾನು ಸೆರಗು ಒಡ್ಡಿದ್ದನ್ನು ಪೂರಾ ನೋಡಿದ್ದಳು. ಪಾಪ ಇವಳು ದಿನಾ ಇದನ್ನು ಹೇಗೆ ನುಂಗಿದಳೋ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟು ನುಂಗಿಯೂ ನನ್ನ ಮುಂದೆ ಅಷ್ಟು ದಿನ ಮೆರೆದಳಲ್ಲ ಎಂದು ಸಿಟ್ಟೇ ಬಂತು.

ಅವತ್ತು ಗೋಣಿಯ ಮೇಲೆ ನಾನು ಕೂತೆ. ಹೇಮಾ ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತಳು. ಹೆಂಗಸರು ಹನುಮಕ್ಕ ಸದ್ದು ಕೊಡು, ಹನುಮಕ್ಕ ಆ ಚಾನೆಲ್ಲು ಹಾಕು ಎಂದರು. ಐದು ವರ್ಷದಿಂದ ಕಾಯ್ದ ಮಾತು. ಕೇಳಿದರೆ ಕಿವಿಗೆ ತಂಪಾಗಬೇಕಿತ್ತು. ಖಾರದ ಬೆರಳಲ್ಲಿ ಕವರು ಜಾರುತ್ತಿತ್ತು, ಒತ್ತಿದ ಗುಂಡಿ ಒತ್ತಿದಂತಾಗುತ್ತಿರಲಿಲ್ಲ. ನಾನು ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದೆ. ಉರಿದುಕೊಳ್ಳಲಿ, ನಾನು ಉರಿದಷ್ಟು ಇವಳೂ ಉರಿಯಲಿ ಎಂದು ನೋಡಿದೆ. ಅವಳ ಕಣ್ಣಲ್ಲಿ ಹೊಟ್ಟೆಕಿಚ್ಚಿನ ಸುಳಿವೂ ಇರಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಎದ್ದ ಬಾವನ್ನೇ ನೋಡುತ್ತಿದ್ದಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಕೆಂಪು ಗುಂಡಿ ಒತ್ತಿದೆ. ಕವರಿನ ಮೇಲಿಂದಲೇ, ಉಗುರು ಊರಿ ಒತ್ತಿದೆ. ಅಳುತ್ತಿದ್ದ ಸೊಸೆ ಹೋದಳು. ಟೀವಿ ಕಪ್ಪಾಯಿತು.

ಮೊದಲು ನಿಂತದ್ದು ಕೈಗಳು. ತೊಟ್ಟು ಮುರಿಯುವ ಸದ್ದು ಇಷ್ಟು ದೊಡ್ಡದಿತ್ತು ಎಂದು ಅದು ನಿಂತಾಗಲೇ ಗೊತ್ತಾದದ್ದು. ಆ ಮೌನ ಮನೆಯವರೆಗೂ ಕೇಳಿಸಿರಬೇಕು, ದಾಕ್ಷಾಯಣಮ್ಮ ಓಡಿಬಂದಳು.

"ಯಾರಲೇ ಬಂದ್ ಮಾಡಿದ್ದು? ಯಾವ ಹಲ್ಕಟ್ ಮುಂಡಿ?"

ಕಂಬದ ಹಿಂದಿನಿಂದ ಹೇಮಾ ಎದ್ದು ನಿಂತಳು. "ನಾನ್ರಿ ಅಮ್ಮಾರ" ಅಂದಳು.

ನನಗೆ ಮೈಯೆಲ್ಲ ಹೊತ್ತಿಕೊಂಡಿತು. ನನ್ನ ಮಂದಿಯನ್ನು ಕಸಿದುಕೊಂಡಳು, ಗೋಣಿಯ ಜಾಗ ಕಸಿದುಕೊಂಡಳು, ಈಗ ನಾನು ಮಾಡಿದ್ದನ್ನೂ ಕಸಿದುಕೊಳ್ಳಲು ಬಂದಳಲ್ಲ. ಎದ್ದು ನಿಂತೆ.

"ಸುಳ್ಳು ಹೇಳ್ತಾಳ್ರಿ. ನಾ ಮಾಡೀನಿ. ರಿಮೋಟು ನನ್ನ ಕೈಯಾಗ ಐತಿ, ಕಾಣ್ಸೂದಿಲ್ಲೇನು?"

ಹೇಮಾ ಸಾಲು ದಾಟಿ ನನ್ನ ಪಕ್ಕಕ್ಕೆ ಬಂದಳು. ಐದು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು, ಸದ್ದಿಲ್ಲದೆ ಆಡಿದಳು. "ನೀ ಸುಮ್ಮಕಿರಕ್ಕ. ಮಾಡದ ತಪ್ಪಿಗೆ ಬೈಸ್ಕೊಂಡು ನನಗ ರೂಢಿ ಐತಿ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ದನಿ ಕೇರಿಗೆಲ್ಲ ಕೇಳುವಂಥದ್ದು, ಅವತ್ತು ಅವಳನ್ನು ಬೈದದ್ದೂ ಅದೇ ದನಿ. ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದೆ.

"ಅಕಿ ಮಾಡಿಲ್ಲ. ಇವತ್ತೂ ಮಾಡಿಲ್ಲ, ಅವತ್ತು ನಮ್ಮ ವೈರೂ ಕಡದಿಲ್ಲ. ಎಲ್ಲಾರೂ ಕೇಳಿಸ್ಕೋರಿ."

ದಾಕ್ಷಾಯಣಮ್ಮನಿಗೆ ವೈರಿನ ಮಾತು ಬೇಕಿರಲಿಲ್ಲ. ಮೊದಲು ಟೀವಿ ಹಚ್ಚು, ಕೈ ಆಡಲಿ, ನಾಳೆ ಬೆಳಗ್ಗೆ ಲಾರಿ ಬರುತ್ತದೆ ಎಂದು ಕಿರುಚಿದಳು. ನಾನು ರಬ್ಬರು ಕಿತ್ತು ಕವರು ಹರಿದೆ. ಬರಿ ರಿಮೋಟನ್ನು ಖಾರ ಮೆತ್ತಿದ ಅಂಗೈ ಮೇಲೆ ಇಟ್ಟು ಅವಳ ಎದೆಯ ಎತ್ತರಕ್ಕೆ ಚಾಚಿದೆ.

"ನೀವ ಹಚ್ರಿ. ತಗೋರಿ."

ಅವಳು ಹಿಂದೆ ಸರಿದಳು. "ಕೆಳಗಿಡಲೇ ಅದನ್ನ."

"ಇಡೂದಿಲ್ರಿ. ಕೈಯಾಗ ತಗೋರಿ."

ಅವಳು ಗಂಡನನ್ನು ಕೂಗಿ ಕರೆದಳು. ಹೊರಗೆ ಬೈಕು ನಿಂತ ಸದ್ದಾಯಿತು. ಅಷ್ಟರಲ್ಲಿ ಹೇಮಾ ಕೈ ಚಾಚಿ ರಿಮೋಟಿನ ಇನ್ನೊಂದು ತುದಿ ಹಿಡಿದಳು. ಬಿಡು ಅಂದೆ. ಬಿಡಲಿಲ್ಲ. ನಾನೂ ಬಿಡಲಿಲ್ಲ. ಇಬ್ಬರ ಕೈಗಳೂ ದಾಕ್ಷಾಯಣಮ್ಮನ ಎದುರಿಗೇ ಚಾಚಿದ್ದವು. ಹಿಂದೆ ಇಪ್ಪತ್ತಾರು ಹೆಂಗಸರ ಕೈಗಳು ತೊಟ್ಟು ಮುರಿಯದ ಕಾಯಿಯ ಮೇಲೆ ಹಾಗೇ ನಿಂತಿದ್ದವು.